ಆ ನೇರ ಗೆರೆ ದೋಷವಲ್ಲ

ಎಸ್ಟೋನಿಯಾದ ಕ್ರೂನ್ ಮತ್ತು ಲಿಥುವೇನಿಯಾದ ಲಿತಾಸ್ ನಡುವಿನ ವಿನಿಮಯ ದರ ನಿಮ್ಮ ನಕ್ಷೆಯಲ್ಲಿ 2002ರವರೆಗೆ ಏರಿಳಿದು, ಆಮೇಲೆ ಅಡಿಕೋಲು ಇಟ್ಟು ಗೆರೆ ಎಳೆದಂತಿದೆ, ಅಂಕಿಗಳೇ ತಪ್ಪಿರಬಹುದೇ ಎಂದು ಕೇಳಿದ್ದೀರಿ. ಅಂಕಿಗಳು ಸರಿಯಾಗಿಯೇ ಇವೆ.

ಈ ಎರಡು ಕರೆನ್ಸಿಗಳನ್ನು ಬೇರೆ ಬೇರೆ ಗೂಟಕ್ಕೆ, ಅಂದರೆ ಬೇರೆ ಬೇರೆ ವಿದೇಶಿ ಕರೆನ್ಸಿಗೆ ಸ್ಥಿರ ದರದಲ್ಲಿ, ಕಟ್ಟಲಾಗಿತ್ತು. 1992ರ ಜೂನ್‌ನಿಂದ 8 ಕ್ರೂನ್‌ಗೆ 1 ಜರ್ಮನ್ ಮಾರ್ಕ್. 1994ರ ಏಪ್ರಿಲ್‌ನಿಂದ 4 ಲಿತಾಸ್‌ಗೆ 1 ಅಮೆರಿಕನ್ ಡಾಲರ್. ಆದ್ದರಿಂದ ನಿಮ್ಮ ನಕ್ಷೆಯ ಮೊದಲರ್ಧದಲ್ಲಿ ಕುಣಿಯುತ್ತಿರುವುದು ನಿಜವಾಗಿ ಡಾಲರ್ ಮತ್ತು ಮಾರ್ಕ್; ಪಾಪ, ಬಾಲ್ಟಿಕ್ ದೇಶಗಳದ್ದೇನೂ ಇಲ್ಲ. ಲೆಕ್ಕವೂ ಸುಲಭ: ಆ ದಿನ ಒಂದು ಡಾಲರ್‌ಗೆ ಎಷ್ಟು ಮಾರ್ಕ್ ಇತ್ತೋ ಅದನ್ನು ಎರಡರಿಂದ ಗುಣಿಸಿದರೆ ಒಂದು ಲಿತಾಸ್‌ಗೆ ಎಷ್ಟು ಕ್ರೂನ್ ಎಂಬುದು ಸಿಗುತ್ತದೆ. 1995ರ ಏಪ್ರಿಲ್‌ನಲ್ಲಿ ಡಾಲರ್ 1.40 ಮಾರ್ಕ್‌ನ ಆಸುಪಾಸಿಗೆ ಕುಸಿದಿತ್ತು, ಅಂದರೆ ಒಂದು ಲಿತಾಸ್‌ಗೆ ಸುಮಾರು 2.80 ಕ್ರೂನ್. 2000ರ ಅಕ್ಟೋಬರ್‌ನಲ್ಲಿ ಸುಮಾರು 2.30 ಮಾರ್ಕ್, ಅಂದರೆ 4.60 ಕ್ರೂನ್.

2002ರ ಫೆಬ್ರವರಿ 2ರಂದು ಲಿತಾಸ್ ಡಾಲರನ್ನು ಬಿಟ್ಟು, ಒಂದು ಯೂರೋಗೆ 3.4528 ಲಿತಾಸ್ ದರದಲ್ಲಿ ಯೂರೋಗೆ ಅಂಟಿಕೊಂಡಿತು. ಕ್ರೂನ್ ಅಷ್ಟರಲ್ಲಾಗಲೇ ಮಾರ್ಕ್ ಮೂಲಕ ಒಂದು ಯೂರೋಗೆ 15.6466 ಕ್ರೂನ್ ದರದಲ್ಲಿ ಯೂರೋ ಜೊತೆಗಿತ್ತು. 15.6466ನ್ನು 3.4528ರಿಂದ ಭಾಗಿಸಿ: ಒಂದು ಲಿತಾಸ್‌ಗೆ 4.5316 ಕ್ರೂನ್. ನಿಮ್ಮ ನೇರ ಗೆರೆ ಅದೇ. 2011ರ ಜನವರಿ 1ರಂದು ಎಸ್ಟೋನಿಯಾ ಯೂರೋಗೆ ಸೇರಿದ್ದರಿಂದ ಅದರ ನಂತರದ ಸಾಲುಗಳನ್ನು ಅಳಿಸಿಬಿಡಿ.