ಬೆಳಕಿನ ಕಲ್ಲನ್ನು ಅವನು ಒಡೆದದ್ದು ಯಾಕೆ?

ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಪತ್ರದ ಸಾರ ಇಷ್ಟು: 'ನಾವು ಗೆಳೆಯರು ಸೇರಿ ವಿಡಿಯೊ ಗೇಮ್ ಒಂದನ್ನು ಮಾಡುತ್ತಿದ್ದೇವೆ. ಚಿತ್ರದುರ್ಗದಂಥ ಕೋಟೆಯಲ್ಲಿ ನಡೆಯುವ ಫ್ಯಾಂಟಸಿ. ಹಿನ್ನೆಲೆ ಕಥೆ ಜೊತೆಗಿಟ್ಟಿದ್ದೇನೆ. ಓದಿದ ಮೇಷ್ಟ್ರೊಬ್ಬರು "ಇದು ಎಲ್ಲ ಕಡೆ ಇರೋ ಕಥೆ" ಅಂದರು. ಎಲ್ಡನ್ ರಿಂಗ್ ಆಟದಲ್ಲೂ ಏನನ್ನೂ ಬಿಡಿಸಿ ಹೇಳಿಲ್ಲ, ಆದರೂ ಜನ ಮೆಚ್ಚಿದರು. ನಮ್ಮದರಲ್ಲಿ ಏನು ಕೊರತೆ?'

ಸಂಪಾದಕರ ಉತ್ತರ:

ನಿಮ್ಮ ಎರಡು ಪುಟಗಳನ್ನು ನಿಧಾನವಾಗಿ ಓದಿದೆ. ಕಥೆ ಗೊತ್ತಿಲ್ಲದ ಓದುಗರಿಗಾಗಿ ಮೊದಲು ಅದನ್ನು ಹೇಳಿಬಿಡುತ್ತೇನೆ. ಹತ್ತು ಸಾವಿರ ವರ್ಷಗಳ ಹಿಂದೆ ಏಳು ದೇವತೆಗಳು ಏಳು ಸುತ್ತಿನ ಕೋಟೆ ಕಟ್ಟಿದರು. ಕತ್ತಲೆಯ ದೊರೆ ದಂಡೆತ್ತಿ ಬಂದು ಬೆಳಕಿನ ಕಲ್ಲನ್ನು ಏಳು ಚೂರು ಮಾಡಿದ. ಚೂರುಗಳನ್ನು ಹುಡುಕಿ ಕೂಡಿಸುವುದೇ ಆಟ.

ನಿಮ್ಮ ಮೇಷ್ಟ್ರ ಮಾತು ಪೂರ್ತಿ ಸರಿ ಅನ್ನಿಸಲಿಲ್ಲ. ಎಲ್ಲ ಕಡೆ ಇರೋ ಕಥೆಯಾದರೆ ತಪ್ಪೇನಿಲ್ಲ. ಒಡೆದ ವಸ್ತುವಿನ ಚೂರು ಹುಡುಕುವ ಕಥೆ ಹಳೆಯದು, ಎಲ್ಡನ್ ರಿಂಗ್ ಕಥೆಯೂ ಅಂಥದ್ದೇ. ನನ್ನ ತಕರಾರು ಬೇರೆ. ನಿಮ್ಮ ಕತ್ತಲೆಯ ದೊರೆ ಆ ಕಲ್ಲನ್ನು ಯಾಕೆ ಒಡೆದ? ಎರಡು ಪುಟದಲ್ಲಿ ಎಲ್ಲೂ ಇಲ್ಲ. ಅವನು ಕೆಟ್ಟವನು, ಅದಕ್ಕೇ ಒಡೆದ ಅನ್ನುವಷ್ಟೇ ಇದೆ.

ಏನಾಯಿತು ಅನ್ನುವುದನ್ನು ಎಷ್ಟು ಬೇಕಾದರೂ ಬಚ್ಚಿಡಿ. ಯಾಕಾಯಿತು ಅನ್ನುವುದು ಬರೆಯುವ ನಿಮಗಾದರೂ ಗೊತ್ತಿರಬೇಕು. ಎಲ್ಡನ್ ರಿಂಗ್ ನಿರ್ದೇಶಿಸಿದ ಹಿಡೆಟಾಕ ಮಿಯಾಜಾಕಿ ಸಂದರ್ಶನದಲ್ಲಿ ಹೇಳಿದ ಸಂಗತಿ ನಿಮಗೂ ಗೊತ್ತಿರಬಹುದು. ಚಿಕ್ಕಂದಿನಲ್ಲಿ ಮನೆಯಲ್ಲಿ ಬಡತನ. ಲೈಬ್ರರಿಯಿಂದ ವಯಸ್ಸಿಗೆ ಮೀರಿದ ಪುಸ್ತಕ ತಂದು ಓದುತ್ತಿದ್ದರು. ಅರ್ಥವಾಗದ ಕಡೆ ಚಿತ್ರ ನೋಡಿ ಊಹಿಸಿಕೊಳ್ಳುತ್ತಿದ್ದರು. ಅವರ ಆಟಗಳಲ್ಲಿ ಕಥೆ ಚೂರುಚೂರಾಗಿ ಸಿಗುವುದು ಆ ಅಭ್ಯಾಸದಿಂದಲೇ. ಆದರೆ ನೋಡಿ, ಆ ಹುಡುಗನಿಗೆ ಅರ್ಥವಾಗದ ಸಾಲುಗಳು ಪುಸ್ತಕದಲ್ಲಿ ಇದ್ದೇ ಇದ್ದವು. ಬರೆದವರಿಗೆ ಗೊತ್ತಿತ್ತು. ನಿಮ್ಮ ಪುಟಗಳಲ್ಲಿ ಆ ಸಾಲುಗಳೇ ಇಲ್ಲ.

ಎಲ್ಡನ್ ರಿಂಗ್ 2022ರ ಫೆಬ್ರುವರಿಯಲ್ಲಿ ಬಂತು. ಅದರ ಪುರಾಣದ ಬುನಾದಿ ಹಾಕಿದವರು ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಮರಿಕಾ ಅನ್ನುವ ರಾಣಿ, ಒಡೆದ ಉಂಗುರ, ಅದರ ಚೂರುಗಳಿಗಾಗಿ ಕಚ್ಚಾಡುವ ಮಕ್ಕಳು. ಆ ಮಕ್ಕಳಲ್ಲಿ ರಡಾನ್ ಒಬ್ಬ. ಆನೆಯಂಥ ಆಳು. ಅವನ ಕುದುರೆ ಮಾತ್ರ ಬಡಕಲು. ಮೈ ಬೆಳೆದಂತೆ ಕುದುರೆಗೆ ಇವನ ಭಾರ ಹೊರಲಾಗುವುದಿಲ್ಲ. ಅದನ್ನು ಬಿಡಲು ಮನಸ್ಸಿಲ್ಲದೆ ರಡಾನ್ ಗುರುತ್ವದ ಮಂತ್ರವಿದ್ಯೆ ಕಲಿಯುತ್ತಾನೆ. ಆಟದಲ್ಲಿ ಇದು ಒಂದು ವಸ್ತುವಿನ ವಿವರಣೆಯಲ್ಲಿ ಬರುವ ಎರಡು ಸಾಲು, ಅಷ್ಟೇ. ನಕ್ಷತ್ರಗಳನ್ನೇ ತಡೆದು ನಿಲ್ಲಿಸಿದವನ ಶಕ್ತಿಗೆಲ್ಲ ಮೂಲ ಒಂದು ಕುದುರೆಯ ಮೇಲಿನ ಮಮತೆ! ನಾನು ಆ ಆಟದ ಕಥೆಯನ್ನು ಮೆಚ್ಚುವುದು ಇಂಥ ಜಾಗಗಳಲ್ಲಿ.

ಅದೇ ಆಟ ಸೋತ ಜಾಗವನ್ನೂ ಹೇಳಬೇಕು. ಮರಿಕಾಳ ಮಗಳು ಮಲೇನಿಯಾ ತನ್ನ ಸೈನ್ಯ ಕಟ್ಟಿಕೊಂಡು ಬಂದು ಇದೇ ರಡಾನ್ ಜೊತೆ ಕಾದಾಡುತ್ತಾಳೆ. ಕೇಲಿಡ್ ಅನ್ನುವ ಸೀಮೆಗೆ ಸೀಮೆಯೇ ಕೆಂಪಗೆ ಕೊಳೆತುಹೋಗುತ್ತದೆ. ಅವಳು ಅಷ್ಟು ದೂರ ಯಾಕೆ ಬಂದಳು? ಮೂಲ ಆಟದಲ್ಲಿ ಸ್ಪಷ್ಟ ಉತ್ತರ ಸಿಗುವುದಿಲ್ಲ. 2024ರ ಜೂನ್‌ನಲ್ಲಿ ಬಂದ ಹೆಚ್ಚುವರಿ ಭಾಗವನ್ನು ಬೇರೆ ದುಡ್ಡು ಕೊಟ್ಟು ಕೊಂಡ ಮೇಲೆ ಗೊತ್ತಾಗುತ್ತದೆ, ಅವಳ ಅವಳಿ ಸೋದರ ಮಿಕೆಲಾನಿಗೆ ರಡಾನ್ ತನ್ನ ಜೊತೆಗಾರನಾಗಿ ಬೇಕಿತ್ತು ಅಂತ. ಇದನ್ನು ನಾನು ಒಪ್ಪಲಾರೆ. ಒಂದು ನಾಡು ಹಾಳಾದ ಕಾರಣ ಆ ನಾಡಿನಲ್ಲೇ ಸಿಗಬೇಕಿತ್ತು. ನೀವು ಕಲಿಯಬೇಕಾದ್ದು ಕುದುರೆಯ ಕಥೆಯಿಂದ. ಕೇಲಿಡ್ ಕಥೆಯನ್ನು ಅನುಸರಿಸಬೇಡಿ.

ಈಗ ನಿಮ್ಮ ಕೋಟೆಗೆ ಬರೋಣ. ದುರ್ಗ ನಿಮ್ಮೂರಿಗೆ ಎಷ್ಟು ಹತ್ತಿರ! ಅಲ್ಲಿಂದ ನೀವು ತಗೊಂಡದ್ದು ಏಳು ಅನ್ನುವ ಲೆಕ್ಕ ಒಂದೇ. ಇದು ನನಗೆ ನಿಜಕ್ಕೂ ಬೇಜಾರಾಯಿತು. ಓಬವ್ವನ ಕಥೆ ನಿಮಗೆ ಬಾಯಿಪಾಠ ಇರುತ್ತದೆ. ಅದನ್ನೇ ಕಥೆ ಕಟ್ಟುವವರ ಕಣ್ಣಲ್ಲಿ ಇನ್ನೊಮ್ಮೆ ನೋಡಿ. ಗಂಡ ಕಾವಲುಗಾರ, ಊಟಕ್ಕೆ ಮನೆಗೆ ಬಂದಿದ್ದಾನೆ. ಕುಡಿಯಲು ನೀರಿಲ್ಲ. ಓಬವ್ವ ನೀರು ತರಲು ಹೋಗುತ್ತಾಳೆ. ಕಿಂಡಿಯ ಹತ್ತಿರ ಗುಸುಗುಸು ಕೇಳುತ್ತದೆ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದಾರೆ. ಕಾವಲಿನಲ್ಲಿ ಗಂಡ ಯಾಕಿರಲಿಲ್ಲ? ಊಟಕ್ಕೆ ಹೋಗಿದ್ದ. ಅವಳು ಅಲ್ಲಿಗೆ ಯಾಕೆ ಹೋದಳು? ನೀರಿಗೆ. ಕೈಯಲ್ಲಿ ಕತ್ತಿಯ ಬದಲು ಒನಕೆ ಯಾಕೆ? ಮನೆಯಲ್ಲಿದ್ದದ್ದೇ ಅದು. ಒಂದು ತುತ್ತು ಅನ್ನ, ಒಂದು ಕೊಡ ನೀರು ಇಡೀ ಕಥೆಯನ್ನು ಹೊತ್ತು ನಿಂತಿವೆ. ಅವೆರಡನ್ನು ತೆಗೆದುಬಿಡಿ, ಧೈರ್ಯ ಉಳಿಯುತ್ತದೆ, ಕಥೆ ಉಳಿಯುವುದಿಲ್ಲ.

ನಿಮ್ಮ ಕೋಟೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ ಅಲ್ವಾ? ಮಳೆ ಕಡಿಮೆ ಇರುವ ಸೀಮೆ ಅದು. ದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡದ ಕಡೆಗೆ. ಮೇಲಿನವರು ತಡೆದರೆ ಕೆಳಗಿನವರಿಗೆ ಇಲ್ಲ. ನಿಮ್ಮ ಕಲ್ಲು ಬೆಳಕಿನದಾಗುವ ಬದಲು ನೀರಿನದಾದರೆ ಹೇಗೆ? ಅದನ್ನು ಒಡೆದವನು ಕೆಳಗಿನ ಸುತ್ತಿನವನೇ ಯಾಕಾಗಬಾರದು? ಆಗ ಸುತ್ತು ಏಳಿರುವುದಕ್ಕೂ ಅರ್ಥ ಬರುತ್ತದೆ. ಒಂದೊಂದು ಸುತ್ತಿನ ಜನಕ್ಕೂ ಒಂದೊಂದು ಕೋಪ ಇರುತ್ತದೆ.

ಇನ್ನು ಕತ್ತಲೆಯ ದೊರೆ. ಇವನನ್ನು ಪೂರ್ತಿ ಕೈಬಿಡಿ ಅಂತಲೇ ಹೇಳುತ್ತೇನೆ. ಕೋಟೆಯ ಮೇಲೆ ಹಿಡಿಂಬೇಶ್ವರನ ಗುಡಿ ಇದೆ. ಆ ಬೆಟ್ಟ ಹಿಡಿಂಬಾಸುರನದು, ಭೀಮ ಅವನನ್ನು ಕೊಂದದ್ದು ಅಲ್ಲೇ ಅಂತ ಜನ ನಂಬಿದ್ದಾರೆ. ಅವನ ಹಲ್ಲು ಅಂತ ಒಂದು ತುಂಡನ್ನು ಇಟ್ಟುಕೊಂಡಿದ್ದಾರೆ. ಸತ್ತ ರಾಕ್ಷಸನ ಹೆಸರಿನಲ್ಲಿ ಗುಡಿ, ಪೂಜೆ! ಅವನು ತನ್ನ ಬೆಟ್ಟದಲ್ಲಿ ತಾನಿದ್ದವನು. ಹೊರಗಿನಿಂದ ಬಂದವನನ್ನು ತಂಗಿ ಮೆಚ್ಚಿದಳು. ಅಣ್ಣನನ್ನು ಕೊಂದವನನ್ನೇ ಮದುವೆಯಾದಳು. ಆ ತಂಗಿಯ ಮನಸ್ಸಿನಲ್ಲಿ ಏನಿತ್ತು? ಇಂಥ ಎದುರಾಳಿ ನಿಮ್ಮ ಮನೆ ಬಾಗಿಲಲ್ಲಿರುವಾಗ ಸುಮ್ನೆ ಕರೀ ಕಿರೀಟದ ದೊರೆ ಯಾಕೆ?

ನಿಮ್ಮ ಎರಡನೇ ಪುಟದಲ್ಲಿ ಆರನೇ ಬಾಗಿಲು ಕಾಯುವ ಮುದುಕಿಯೊಬ್ಬಳು ಬರುತ್ತಾಳೆ, ಒಂದೇ ಸಾಲಿನಲ್ಲಿ. ಬೀಗದ ಕೈ ಕೊಟ್ಟು ಹೊರಟುಹೋಗುತ್ತಾಳೆ. ನನಗೆ ಎಲ್ಲರಿಗಿಂತ ಜಾಸ್ತಿ ಹಿಡಿಸಿದವಳು ಅವಳೇ. ಬೀಗದ ಕೈ ಅವಳ ಹತ್ತಿರ ಹೇಗೆ ಬಂತು, ಇಷ್ಟು ದಿನ ಯಾರಿಗೂ ಕೊಡದವಳು ಇವತ್ತು ಯಾಕೆ ಕೊಟ್ಟಳು, ಇಷ್ಟನ್ನು ಅರ್ಧ ಪುಟದಲ್ಲಿ ಬರೆಯಿರಿ. ದೇವತೆಗಳ ಹತ್ತು ಸಾವಿರ ವರ್ಷ ಆಮೇಲೆ ನೋಡೋಣ. ಬರೆದದ್ದನ್ನು ನನಗೆ ಕಳಿಸಿ, ಮುಂದಿನ ಸಂಚಿಕೆಗಳಲ್ಲೊಂದರಲ್ಲಿ ಅದಕ್ಕೆ ಜಾಗ ಮಾಡುತ್ತೇನೆ.