ಹುಮನಾಬಾದ್‌ನಲ್ಲಿ ಕೂತು ಖಾಸಗಿ ಹೆಲಿಕಾಪ್ಟರ್ ಮಾಡೋ ಸ್ಟಾರ್ಟ್‌ಅಪ್ ಶುರು ಮಾಡಬಹುದಾ? ಮಾರುಕಟ್ಟೆ ಹೇಗಿದೆ?

ಇಬ್ಬರು ಕೂರುವ ಹೆಲಿಕಾಪ್ಟರ್, ಎರಡು ವರ್ಷದಲ್ಲಿ ಮೊದಲ ಮಾದರಿ, ಅದನ್ನು ತೋರಿಸಿ ಹೂಡಿಕೆ, ಈ ಜೂನ್‌ಗೆ ಕೆಲಸ ಬಿಡಬೇಕಾ ಅನ್ನೋ ಗೊಂದಲ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಳೆಯ ನೋಟ್‌ಬುಕ್ಕನ್ನೇ ಯಾರೋ ಟೈಪ್ ಮಾಡಿ ಹಾಕಿದ್ದಾರೆ ಅನ್ನಿಸಿತು. ಆ "ಎರಡು ವರ್ಷ" ಕೂಡ ಅದರಲ್ಲಿತ್ತು.

ನಾನು ಕಲಬುರಗಿಯವನು. ಇಲ್ಲೇ ಮೆಕ್ಯಾನಿಕಲ್ ಓದಿ, ಬೆಂಗಳೂರಿನಲ್ಲಿ ಏಳು ವರ್ಷ ಗೇರ್‌ಬಾಕ್ಸ್ ಡಿಸೈನ್ ಮಾಡಿದೆ. ಆಮೇಲೆ ಇಬ್ಬರು ಗೆಳೆಯರ ಜೊತೆ ವಾಪಸ್ ಬಂದು ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದೆವು. ಪಕ್ಕದಲ್ಲಿ ದಾಲ್ ಮಿಲ್. ಮಧ್ಯಾಹ್ನ ಆದರೆ ಬೇಳೆಯ ಧೂಳು ನಮ್ಮ ಡ್ರಾಯಿಂಗ್ ಮೇಲೆ ಕೂರುತ್ತಿತ್ತು. ಅಪ್ಪನ ಒಂದು ಪ್ಲಾಟ್ ಮಾರಿದೆವು. ಉಳಿದ ದುಡ್ಡು ಗೆಳೆಯನ ಮಾವನದು. ಸಮಾಜಕ್ಕೆ ಏನೋ ಮಾಡುತ್ತೇವೆ ಅಂತ ನಾವು ಹೊರಟಿರಲಿಲ್ಲ. ಸುಮ್ನೆ ಹೆಲಿಕಾಪ್ಟರ್ ಹುಚ್ಚು. ನೀವು ಬೀದರ್ ಆಕಾಶದಲ್ಲಿ ವಾಯುಪಡೆಯ ಸೂರ್ಯಕಿರಣ್ ಕಸರತ್ತು ತಂಡ ನೋಡುತ್ತಾ ಬೆಳೆದೆ ಅಂತ ಬರೆದಿದ್ದೀರಲ್ಲ, ಅದೇ ರೋಗ.

ತಪ್ಪು ಎಲ್ಲಾಯಿತು ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಈ ಒಂದು ತಪ್ಪಿಗೆ ನಾಲ್ಕು ವರ್ಷ ಕೊಟ್ಟಿದ್ದೇನೆ.

ನಾನು ಗೇರ್‌ಬಾಕ್ಸ್ ಮನುಷ್ಯ. ಹಾಗಾಗಿ ಶುರು ಮಾಡಿದ್ದೇ ಗೇರ್‌ಬಾಕ್ಸ್‌ನಿಂದ. ಗೊತ್ತಿರುವ ಕೆಲಸ ಮೊದಲು ಮಾಡೋದು ಹಿತವಾಗಿರುತ್ತದೆ, ಅಲ್ವಾ? ಹಗುರ ವಿಮಾನಗಳಿಗೆ ಹಾಕುವ 100 ಹಾರ್ಸ್‌ಪವರ್ ಎಂಜಿನ್ ಆರಿಸಿದ್ದೆವು. ಆ 100 ಅನ್ನು ಕಂಪನಿಯ ಕೈಪಿಡಿಯಿಂದ ನೇರವಾಗಿ ಎತ್ತಿಕೊಂಡೆ. ಅದಕ್ಕೆ ತಕ್ಕಂತೆ ಹಲ್ಲು, ಶಾಫ್ಟ್, ಬೇರಿಂಗ್ ಎಲ್ಲ ಲೆಕ್ಕ ಹಾಕಿ, ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಗೇರ್ ಕಡಿಸಿದೆ. ಐದು ತಿಂಗಳು, 11 ಲಕ್ಷ. ಕಾಗದದ ಮೇಲೆ ಇಬ್ಬರನ್ನು ಕೂರಿಸಿಕೊಂಡು ಗಾಳಿಯಲ್ಲಿ ನಿಲ್ಲಲು 85 ಹಾರ್ಸ್‌ಪವರ್ ಸಾಕಿತ್ತು. ಇರೋದು 100. ಹದಿನೈದು ಕೈಯಲ್ಲಿ ಉಳಿಯುತ್ತದೆ ಅಂತ ಮೂವರೂ ಖುಷಿಯಾಗಿ ಚಹಾ ಕುಡಿದೆವು.

ಆ 100 ಅನ್ನೋದು ಎಲ್ಲಿಯ 100? ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅಂಥ ಹವೆಯಲ್ಲಿ ಒಂದು ಘನ ಮೀಟರ್ ಗಾಳಿ 1.225 ಕೆ.ಜಿ. ತೂಗುತ್ತದೆ. ಕಲಬುರಗಿ ಇರೋದು ಸುಮಾರು 450 ಮೀಟರ್ ಎತ್ತರದಲ್ಲಿ. ಏಪ್ರಿಲ್‌ನಲ್ಲಿ 42 ಡಿಗ್ರಿ ಮಾಮೂಲಿ. ಆಗ ಅದೇ ಒಂದು ಘನ ಮೀಟರ್ ಗಾಳಿ 1.06 ಕೆ.ಜಿ. ಆಸುಪಾಸು ಬರುತ್ತದೆ. ಅಂದರೆ ನೂರಕ್ಕೆ 13-14 ಪಾಲು ಗಾಳಿ ಕಾಣೆ. ಟರ್ಬೊ (ಗಾಳಿ ಒತ್ತಿ ತುಂಬುವ ಪಂಪು) ಇಲ್ಲದ ಎಂಜಿನ್ ಉಸಿರಾಡುವುದು ಈ ಗಾಳಿಯನ್ನೇ, ಹಾಗಾಗಿ ಅದರ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 100 ಇದ್ದದ್ದು 86. ಎಂಜಿನ್ ಮುಚ್ಚಳದೊಳಗೆ ಗಾಳಿ ಇನ್ನೂ ಕಾದಿರುತ್ತದೆ, ಅಲ್ಲಿ ಮತ್ತೆ ಮೂರ್ನಾಲ್ಕು ಹೋಯಿತು.

ಕಾರಿನಲ್ಲಾದರೆ ಇದು ಯಾರಿಗೂ ಗೊತ್ತೇ ಆಗಲ್ಲ. ದಿಬ್ಬದಲ್ಲಿ ಒಂದು ಗೇರ್ ಕೆಳಗೆ ಹಾಕುತ್ತೀರಿ, ಮುಗೀತು. ಹೆಲಿಕಾಪ್ಟರ್ ನಿಂತಿರುವುದೇ ಗಾಳಿಯನ್ನು ಕೆಳಗೆ ತಳ್ಳಿ. ಗಾಳಿ ತೆಳುವಾದರೆ ಅದೇ ತೂಕ ಹೊರಲು ಆ ಗಾಳಿಯನ್ನು ಇನ್ನೂ ಜೋರಾಗಿ ತಳ್ಳಬೇಕು. ಎಂಜಿನ್ ಕೊಡೋದು ಕಡಿಮೆಯಾಯಿತು, ರೋಟರ್ (ಮೇಲೆ ತಿರುಗುವ ರೆಕ್ಕೆ) ಕೇಳೋದು ಕಡಿಮೆಯಾಗಲಿಲ್ಲ, ಸ್ವಲ್ಪ ಜಾಸ್ತಿಯೇ ಆಯಿತು. ಪೈಲಟ್‌ಗಳು ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. 42 ಡಿಗ್ರಿಯಲ್ಲಿ ಕಲಬುರಗಿಯ ಹೊಲದಲ್ಲಿ ನಿಂತ ಹೆಲಿಕಾಪ್ಟರ್‌ಗೆ ತಾನು 5,000 ಅಡಿ ಎತ್ತರದಲ್ಲಿ ಇದ್ದಂತೆ. ಹೊಲದಲ್ಲೇ ನಂದಿ ಬೆಟ್ಟದ ತುದಿ!

ಇದರ ಮೇಲೆ ತೂಕ. ಖಾಲಿ ಯಂತ್ರ 285 ಕೆ.ಜಿ. ಅಂದುಕೊಂಡಿದ್ದೆವು. ಕೊನೆಗೆ ತೂಗಿದಾಗ 340. ಯಾವುದೋ ಒಂದು ದೊಡ್ಡ ಭಾಗ ಭಾರವಾದದ್ದಲ್ಲ. ಇಲ್ಲೊಂದು ಬ್ರ್ಯಾಕೆಟ್, ಅಲ್ಲೊಂದು ದಪ್ಪ ಪೈಪು, "ಇರಲಿ ಬಿಡ್ರಿ, ಗಟ್ಟಿ ಇರ್ತದ" ಅಂತ ಮಿಸ್ತ್ರಿ ಎಳೆದ ಇನ್ನೊಂದು ವೆಲ್ಡಿಂಗ್. ತೂಕಕ್ಕಿಂತ ಬೇಕಾಗುವ ಶಕ್ತಿ ಬೇಗ ಏರುತ್ತದೆ. ಒಟ್ಟು ತೂಕ ನೂರಕ್ಕೆ ಹತ್ತು ಏರಿದರೆ ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ಸುಮಾರು ಹದಿನೈದು ಏರುತ್ತದೆ.

ಈಗ ನೀವು ಕೇಳಬಹುದು, ಇಂಜಿನಿಯರ್ ಆಗಿ ಇದು ಗೊತ್ತಿರಲಿಲ್ವಾ ಅಂತ. ಗೊತ್ತಿತ್ತು. ಅದೇ ನಾಚಿಕೆಗೇಡಿನ ಭಾಗ. ವಾಯುಪಡೆಯಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬೀದರ್‌ನಿಂದ ನೋಡಲು ಬಂದಿದ್ದರು. ಮೊದಲ ವರ್ಷವೇ. ಶೆಡ್ ಒಳಗೆ ಒಂದು ಸುತ್ತು ಹಾಕಿ, ಗೇರ್ ಮುಟ್ಟಿ ನೋಡಿ, ಒಂದೇ ಮಾತು ಕೇಳಿದರು. "ಬ್ಯಾಸಗಿ ಚಾರ್ಟ್ ಎಲ್ಲದ?" ಅಂದರೆ ಬೇಸಿಗೆ ಬಿಸಿಲಲ್ಲಿ ಎಂಜಿನ್ ಎಷ್ಟು ಕೊಡುತ್ತದೆ, ರೋಟರ್ ಎಷ್ಟು ಕೇಳುತ್ತದೆ ಅನ್ನೋ ಲೆಕ್ಕದ ಹಾಳೆ. ಮಾಡ್ತೀವಿ ಸರ್, ಮೊದಲು ಎದ್ದು ನಿಲ್ಲಲಿ ಅಂದೆ. ಅವರು ಏನೂ ಅನ್ನಲಿಲ್ಲ. ಚಹಾ ಕುಡಿದು ಬಸ್ ಹತ್ತಿದರು.

ಡಿಸೆಂಬರ್‌ನಲ್ಲಿ ಎದ್ದಿತು ನೋಡಿ. ಕಮಲಾಪುರದ ಹತ್ತಿರ ಕಾಕಾನ ಹೊಲ, ಒಂದು ಕಾಂಕ್ರೀಟ್ ಕಟ್ಟೆ. ಹಾರಿಸಲು ಪರವಾನಗಿ ಇರಲಿಲ್ಲ, ಹಾಗಾಗಿ ನಾಲ್ಕು ಮೂಲೆಗೆ ಸರಪಳಿ. ಬೆಳಗಿನ ಆರೂವರೆ, ಹದಿನೈದು ಡಿಗ್ರಿ ಚಳಿ. ಒಳಗೆ 62 ಕೆ.ಜಿ.ಯ ಪೈಲಟ್ ಒಬ್ಬರೇ, ಟ್ಯಾಂಕ್‌ನಲ್ಲಿ ಸ್ವಲ್ಪ ಪೆಟ್ರೋಲ್. ಎರಡು ಅಡಿ ಮೇಲೆ ಹೂವಿನಂತೆ ನಿಂತಿತು. ಸುತ್ತಲಿನ ತೊಗರಿ ಗಿಡಗಳೆಲ್ಲ ಮಲಗಿದವು. ನಾನು ಅತ್ತೆ. ಗೆಳೆಯ ವಿಡಿಯೊ ಮಾಡಿದ. ಆ ವಿಡಿಯೊ ನಮ್ಮನ್ನು ಮುಳುಗಿಸಿತು.

ಯಾಕೆಂದರೆ ಅದರಲ್ಲಿ ಎಲ್ಲವೂ ನಮ್ಮ ಪರ ಇತ್ತು. ತಣ್ಣನೆಯ ಗಾಳಿ. ಒಬ್ಬನೇ ಮನುಷ್ಯ. ಮೇಲಾಗಿ ನೆಲದ ಆಸರೆ. ರೋಟರ್ ನೆಲಕ್ಕೆ ಹತ್ತಿರ ಇದ್ದಾಗ ಕೆಳಗೆ ತಳ್ಳಿದ ಗಾಳಿಗೆ ನೆಲ ಅಡ್ಡ ಬರುತ್ತದೆ, ಆಗ ಕಡಿಮೆ ಶಕ್ತಿಗೇ ನಿಲ್ಲುತ್ತದೆ. ಎರಡು ಅಡಿಯಲ್ಲಿ ನಿಂತಿತು ಅಂದರೆ ಐವತ್ತು ಅಡಿಯಲ್ಲಿ ನಿಲ್ಲುತ್ತದೆ ಅಂತ ಅಲ್ಲವೇ ಅಲ್ಲ. ಇದನ್ನೂ ನಾನು ಪುಸ್ತಕದಲ್ಲಿ ಓದಿದ್ದೆ.

ವಿಡಿಯೊ ನೋಡಿ ಹೈದರಾಬಾದ್‌ನಿಂದ ಒಬ್ಬ ಹೂಡಿಕೆದಾರರು ಬಂದರು. ಮೂಲತಃ ಆಳಂದದ ಕಡೆಯವರು. ಬಂದದ್ದು ಏಪ್ರಿಲ್‌ನಲ್ಲಿ. ಬೆಳಿಗ್ಗೆ ಆರಕ್ಕೆ ಬನ್ನಿ ಅಂದಿದ್ದೆವು. ಅವರ ಕಾರು ಬಂದಾಗ ಹನ್ನೊಂದೂವರೆ. "ಇಬ್ಬರು ಕೂರುವ ಹೆಲಿಕಾಪ್ಟರ್" ಅಂತ ಪ್ರತಿ ಕಾಗದದಲ್ಲೂ ಬರೆದಿದ್ದೆವು, ಹಾಗಾಗಿ ಪೈಲಟ್ ಪಕ್ಕ ನಾನೇ ಕೂತೆ. 78 ಕೆ.ಜಿ. ಪೈಲಟ್ ಕಲೆಕ್ಟಿವ್ (ಯಂತ್ರವನ್ನು ಮೇಲೆತ್ತುವ ಸನ್ನೆ) ಎಳೆದರು. ಸ್ಕಿಡ್ (ಕೆಳಗಿನ ಪಟ್ಟಿಕಾಲು) ಹಗುರಾಯಿತು, ಕಟ್ಟೆಯ ಮೇಲೆ ಸ್ವಲ್ಪ ಜಾರಿತು. ಆಮೇಲೆ ರೋಟರ್ ತಿರುಗುವ ವೇಗ ಇಳಿಯತೊಡಗಿ ಎಚ್ಚರಿಕೆಯ ಹಾರ್ನ್ ಕೂಗಿತು. ಅವರು ತಕ್ಷಣ ಇಳಿಸಿದರು. ಇನ್ನೂ ಎರಡು ಸಲ ಪ್ರಯತ್ನ. ಹಾರ್ನ್, ಹಾರ್ನ್. ನಾನು ಇಳಿದ ಮೇಲೆ ಯಂತ್ರ ಒಂದೂವರೆ ಅಡಿ ಎದ್ದಿತು.

ಹೂಡಿಕೆದಾರರು ಬೇವಿನ ನೆರಳಲ್ಲಿ ಮಜ್ಜಿಗೆ ಕುಡಿಯುತ್ತಾ ಎಲ್ಲ ನೋಡಿದರು. ಒಳ್ಳೆಯ ಮನುಷ್ಯ. ನಗಲಿಲ್ಲ. "ಒಬ್ಬರು ಕುಂತ್ರ ಏಳ್ತದ, ಹೌದಿಲ್ರಿ?" ಅಂದರು. ಹೌದು ಅಂದೆ. "ಪೈಲಟ್ ಕುಂತ ಮ್ಯಾಲ ಮತ್ತ ನಾ ಎಲ್ಲಿ ಕುಂದರ್ಲಿ?"

ಇದಕ್ಕೆ ಉತ್ತರ ನನ್ನ ಹತ್ತಿರ ಈಗಲೂ ಇಲ್ಲ.

ದೊಡ್ಡ ಎಂಜಿನ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನೀವೂ ಹೇಳುತ್ತೀರಿ. ಗೇರ್‌ಬಾಕ್ಸ್ ಕಡಿಸಿದ್ದು 100 ಹಾರ್ಸ್‌ಪವರ್ ತಿರುಚು ಬಲಕ್ಕೆ. ದೊಡ್ಡ ಎಂಜಿನ್ ಅಂದರೆ ಹೊಸ ಗೇರ್, ಹೊಸ ಕ್ಲಚ್, ರೋಟರ್ ಹೊರುವ ದಪ್ಪ ಮಾಸ್ಟ್ ಕಂಬ. ಮುಖ್ಯ ರೋಟರ್ ಜಾಸ್ತಿ ತಿರುಚಿದರೆ ಅದನ್ನು ತಡೆಯಲು ಬಾಲದಲ್ಲಿ ದೊಡ್ಡ ಟೇಲ್ ರೋಟರ್. ಪ್ರತಿಯೊಂದೂ ತೂಕ. ತೂಕಕ್ಕೆ ಮತ್ತೆ ಶಕ್ತಿ. ಆರು ತಿಂಗಳು ಲೆಕ್ಕ ಹಾಕಿದೆವು. ಹೊಸ ಯಂತ್ರವನ್ನೇ ಮಾಡುವುದು ಅಗ್ಗ ಅಂತ ಬಂತು. ಅಷ್ಟರಲ್ಲಿ 1.4 ಕೋಟಿ ಮುಗಿದಿತ್ತು. ಮೊದಲ ತಿಂಗಳು ಒಂದು ಸಂಜೆ ಕೂತು ಬೇಸಿಗೆ ಚಾರ್ಟ್ ಬರೆದಿದ್ದರೆ ಬೇರೆ ಎಂಜಿನ್ ಆರಿಸುತ್ತಿದ್ದೆ, ಗೇರ್ ಬೇರೆ ಥರ ಕಡಿಸುತ್ತಿದ್ದೆ. ಒಂದು ಸಂಜೆ!

ನಿಮ್ಮ ಮಾರುಕಟ್ಟೆ ಪ್ರಶ್ನೆಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಯೇ ಈಗ ಬೇಡ. ಕೊಳ್ಳುವವರು ಇದ್ದಾರೆ. ಬ್ರಿಟನ್‌ನ ಹಿಲ್ ಹೆಲಿಕಾಪ್ಟರ್ಸ್ ಉದಾಹರಣೆ ನೀವೇ ಕೊಟ್ಟಿದ್ದೀರಿ. 2020ರಲ್ಲಿ ಐದು ಸೀಟಿನ ಎಚ್‌ಎಕ್ಸ್50 ಘೋಷಿಸಿದರು, ಒಂದೂ ಹಾರುವ ಮೊದಲೇ ನೂರಾರು ಜನ ಬುಕ್ ಮಾಡಿದರು. ಅದು ಬೇಡಿಕೆಗೆ ಸಾಕ್ಷಿ, ಒಪ್ಪುತ್ತೇನೆ. ಆದರೆ ಅವರು ಹೊಸ ಹೆಲಿಕಾಪ್ಟರ್ ಜೊತೆಗೆ ಹೊಸ ಟರ್ಬೈನ್ ಎಂಜಿನ್ನನ್ನೂ ತಾವೇ ಮಾಡಲು ಹೊರಟರು, 2022ಕ್ಕೆ ಅಂದುಕೊಂಡಿದ್ದ ಮೊದಲ ಹಾರಾಟ ಮುಂದೆ ಹೋಯಿತು. ಮಾಲೀಕನೇ ಕಾರ್ಖಾನೆಗೆ ಬಂದು ಜೋಡಿಸುವ, ಹವ್ಯಾಸಿ ನಿರ್ಮಾಣದ ದಾರಿಯನ್ನೂ ಅವರು ಹಿಡಿದಿದ್ದಾರೆ. ಆ ದಾರಿಯನ್ನು ನಂಬಿ ನೀವು ಹುಮನಾಬಾದ್‌ನಲ್ಲಿ ವ್ಯಾಪಾರದ ಲೆಕ್ಕ ಹಾಕಬೇಡಿ. ಇಲ್ಲಿ ಮಾರಬೇಕೆಂದರೆ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಕ) ಕೊಡುವ ಟೈಪ್ ಸರ್ಟಿಫಿಕೇಟ್, ಅಂದರೆ ಈ ವಿನ್ಯಾಸ ಸುರಕ್ಷಿತ ಅನ್ನೋ ಒಪ್ಪಿಗೆ, ಬೇಕು ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ.

ಎರಡು ವರ್ಷ ಅನ್ನೋದನ್ನು ಮೊದಲು ಹೊಡೆದುಹಾಕಿ. ಫ್ರಾಂಕ್ ರಾಬಿನ್ಸನ್ ಅಮೆರಿಕದಲ್ಲಿ 1973ರಲ್ಲಿ ಮನೆಯಲ್ಲೇ ಕಂಪನಿ ಶುರು ಮಾಡಿದರು. ಅವರ ಆರ್22 1975ರಲ್ಲಿ ಹಾರಿತು, ಸರ್ಟಿಫಿಕೇಟ್ ಸಿಕ್ಕಿದ್ದು 1979ರಲ್ಲಿ. ಅದಕ್ಕೂ ಮೊದಲು ಅವರು ದೊಡ್ಡ ದೊಡ್ಡ ಹೆಲಿಕಾಪ್ಟರ್ ಕಂಪನಿಗಳಲ್ಲಿ ವರ್ಷಗಟ್ಟಲೆ ದುಡಿದಿದ್ದರು. ಫ್ರಾನ್ಸ್‌ನ ಬ್ರೂನೊ ಗಿಂಬಾಲ್ ಕೂಡ ಹೆಲಿಕಾಪ್ಟರ್ ಕಂಪನಿಯಿಂದ ಬಂದ ಇಂಜಿನಿಯರೇ. ಅವರ ಕಾಬ್ರಿ 1992ರಲ್ಲಿ ಮೊದಲು ಹಾರಿತು, ಕಾಬ್ರಿ ಜಿ2ಗೆ ಸರ್ಟಿಫಿಕೇಟ್ ಬಂದದ್ದು 2007ರಲ್ಲಿ. ಇವು ಗೆದ್ದವರ ಕಥೆಗಳು! ಎರಡೂ ಇಬ್ಬರು ಕೂರುವ, ಪಿಸ್ಟನ್ ಎಂಜಿನ್‌ನ ಸಣ್ಣ ಯಂತ್ರಗಳು, ನಿಮ್ಮ ಕನಸಿನಂಥವೇ. ಎರಡರಲ್ಲೂ ಎಂಜಿನ್ ಆಗಲೇ ವಿಮಾನಗಳಲ್ಲಿ ಹೆಸರು ಮಾಡಿದ ಲೈಕಮಿಂಗ್. ರಾಬಿನ್ಸನ್ ಮಾಡಿದ ಜಾಣತನ ಏನು ಗೊತ್ತಾ? ದೊಡ್ಡ ಎಂಜಿನ್ ತಂದು, ಅದರ ಪೂರ್ತಿ ಶಕ್ತಿ ಬಳಸದೆ, ಮಿತಿ ಹಾಕಿ ಓಡಿಸಿದರು. ಎಂಜಿನ್‌ಗೆ ಸುಸ್ತು ಕಡಿಮೆ, ಬಿಸಿಲಲ್ಲಿ ಗಾಳಿ ತೆಳುವಾದರೆ ಒಳಗೆ ಉಳಿತಾಯವೂ ಇರುತ್ತದೆ. ನಾನು ಮಾಡಿದ್ದು ಇದರ ತದ್ವಿರುದ್ಧ.

ಹೆಲಿಕಾಪ್ಟರ್ ಬದಲು ಅದರ ಬಿಡಿಭಾಗ ಮಾಡಿ ಅಂತ ಕೆಲವರು ಕೆಳಗೆ ಬರೆದಿದ್ದಾರೆ. 2023ರಲ್ಲಿ ತುಮಕೂರು ಕಡೆ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಗಿದೆ, ಅಲ್ಲಿಗೆ ಸಪ್ಲೈ ಮಾಡಿ ಅಂತ. ಒಳ್ಳೆಯ ಮಾತು. ಆದರೆ ನಿಮಗೆ ಅದು ಬೇಡ ಅಂತ ನನಗೆ ಗೊತ್ತು, ನನಗೂ ಬೇಕಿರಲಿಲ್ಲ. ಹಾಗಾಗಿ ಆ ಬಗ್ಗೆ ಬರೆದು ಸುಮ್ನೆ ಸಮಯ ಹಾಳು ಮಾಡಲ್ಲ.

ಜಾಗದ ವಿಷಯ ಒಂದು. ಬೀದರ್ ವಾಯುಪಡೆಯ ನೆಲೆ. ಅದರ ಸುತ್ತಲಿನ ಆಕಾಶ ನಿಮ್ಮ ಮನೆ ಅಂಗಳ ಅಲ್ಲ. ಪರೀಕ್ಷೆ ಎಲ್ಲಿ ಮಾಡುತ್ತೀರಿ, ಯಾರ ಅನುಮತಿ ಬೇಕು ಅಂತ ಶೆಡ್ ಬಾಡಿಗೆಗೆ ಹಿಡಿಯುವ ಮೊದಲೇ ಕೇಳಿಕೊಳ್ಳಿ. ನಮ್ಮ ಭಾಗದ ಬಿಸಿಲನ್ನು ಮಾತ್ರ ನಾನು ಈಗ ಆಸ್ತಿ ಅನ್ನುತ್ತೇನೆ. ಮೇ ತಿಂಗಳ ಕಲಬುರಗಿಯಲ್ಲಿ ಇಬ್ಬರನ್ನು ಹೊತ್ತು ಐವತ್ತು ಅಡಿಯಲ್ಲಿ ನಿಲ್ಲುವ ಯಂತ್ರ ಈ ದೇಶದಲ್ಲಿ ಅಷ್ಟೇ ಎತ್ತರದ ಅಥವಾ ಅದಕ್ಕಿಂತ ತಗ್ಗಿನ ಬಹುತೇಕ ಊರುಗಳಲ್ಲಿ ನಿಲ್ಲುತ್ತದೆ.

ಜೂನ್‌ಗೆ ಕೆಲಸ ಬಿಡಬೇಡಿ. ನಮ್ಮ ಯಂತ್ರ ಕಾಕಾನ ಶೆಡ್‌ನಲ್ಲಿ ತಾಡಪತ್ರಿ ಹೊದ್ದು ಕೂತಿದೆ, ಅದರ ಪಕ್ಕ ತೊಗರಿ ಚೀಲ. ಬಂದು ನೋಡಬೇಕು ಅನ್ನಿಸಿದರೆ ಧಾರಾಳವಾಗಿ ಬನ್ನಿ, ಗೇರ್‌ಬಾಕ್ಸ್ ಬಿಚ್ಚಿ ತೋರಿಸುತ್ತೇನೆ. ಬರುವಾಗ ಒಂದು ಹಾಳೆ ತನ್ನಿ: 45 ಡಿಗ್ರಿ, 700 ಮೀಟರ್ ಎತ್ತರ, 80 ಕೆ.ಜಿ.ಯ ಇಬ್ಬರು, ಒಂದು ಗಂಟೆಯ ಪೆಟ್ರೋಲ್, ನೆಲದ ಆಸರೆ ಇಲ್ಲ. ಎಂಜಿನ್ ಎಷ್ಟು ಕೊಡುತ್ತದೆ, ರೋಟರ್ ಎಷ್ಟು ಕೇಳುತ್ತದೆ ಅಂತ ಎರಡು ಗೆರೆ ಎಳೆದಿರಬೇಕು. ವಿಡಿಯೊ ಬೇಡ.