ಟೂರ್ ಡಿ ಫ್ರಾನ್ಸ್ ಮೊದಲ ದಿನದ ಟೈಮ್ ಟ್ರಯಲ್‌ನಲ್ಲಿ ನೋಡೋಕೆ ಏನಿದೆ? ಬೋರ್ ಅಲ್ವಾ?

ನಿಮ್ ಪ್ರಶ್ನೆ ಪೂರ್ತಿ ಓದ್ದೆ ರೀ. 2026ರ ಜುಲೈ 4ಕ್ಕ ಬಾರ್ಸಿಲೋನಾದಾಗ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಶುರು, ಮೊದಲ ದಿನಾನೇ ಟೀಮ್ ಟೈಮ್ ಟ್ರಯಲ್, ಅಂದ್ರ ಒಂದೊಂದೇ ಟೀಮ್ ಬ್ಯಾರೆ ಬ್ಯಾರೆ ಹೊಂಟು ಗಡಿಯಾರದ ಜೋಡಿ ಹೊಡಿಯೋ ರೇಸ್, ಗುಂಪಿಲ್ಲ ಸ್ಪ್ರಿಂಟ್ ಇಲ್ಲ, ಬರೀ ಗಡಿಯಾರ ನೋಡ್ಕೋತ ಕೂಡೋದು ಬೋರ್ ಅಲ್ವಾ, ಮೊದಲ ಸಲ ನೋಡೋರು ಏನ್ ಗಮನಿಸಬೇಕು ಅಂತ ಕೇಳೀರಿ. ನಾನೂ ಐದಾರು ವರ್ಷದ ಹಿಂದ ಇದೇ ಮಾತು ಅಂದಂವ, ಟೈಮ್ ಟ್ರಯಲ್ ದಿನ ಟಿವಿ ಬಂದ್ ಮಾಡಿ ಮಲಗ್ತಿದ್ದೆ. ಈಗ ಅದೇ ದಿನಕ್ಕ ಕಾಯ್ತೀನಿ. ಯಾಕ ಹಿಂಗಾಯ್ತು ಅಂತ ಹೇಳ್ತೀನಿ, ಸೊಲ್ಪ ಉದ್ದ ಆಗ್ತದ, ಮತ್ತ ನಾನು ಕಲಬುರಗಿಯಂವ, ಭಾಷಾ ಹಿಂಗೇ ಇರ್ತದ, ನಡಸ್ಕೋರಿ.

ಮೊದ್ಲು ಗಾಳಿ ವಿಚಾರ. ಸೈಕಲ್ ತಾಸಿಗೆ 40 ಕಿ.ಮೀ. ಮ್ಯಾಲ ಓಡ್ಲಾಕ ಶುರುವಾಯ್ತಂದ್ರ ಸವಾರನ ಶಕ್ತಿ ಹೆಚ್ಚೂಕಮ್ಮಿ ಎಲ್ಲಾ ಗಾಳಿ ಸೀಳೋದ್ರಾಗೇ ಹೋಗ್ತದ, ರೋಡಿಗೆ ಚೈನಿಗೆ ಹೋಗೋದು ಭಾಳ ಕಮ್ಮಿ. ಸ್ಪೀಡ್ ಎರಡು ಪಟ್ಟು ಆದ್ರ ಗಾಳಿ ತಡಿಯೋದು ನಾಲ್ಕು ಪಟ್ಟು, ಅದನ್ನ ದಾಟ್ಲಾಕ ಬೇಕಾಗೋ ಪವರ್ ಎಂಟು ಪಟ್ಟು. ಅದಕ್ಕೇ ಟೀಮ್ ಟೈಮ್ ಟ್ರಯಲ್‌ನಾಗ ಎಂಟೂ ಮಂದಿ ಒಬ್ಬನ ಹಿಂದ ಒಬ್ಬ ಗಾಲಿಗೆ ಗಾಲಿ ಹಚ್ಚಿ ಹೋಗ್ತಾರ, ಮುಂದಿನಂವ ಗಾಳಿ ತಿಂತಾನ, ಹಿಂದಿನವ್ರು ಅವನ ಮರೆಗೆ ದಮ್ಮು ಹಿಡಕೋತಾರ, ಪಾಳಿ ಮುಗೀತಂದ್ರ ಮುಂದಿನಂವ ಬಾಜು ಸರಿದು ಬಾಲಕ್ಕ ಬರ್ತಾನ. ಟಿವಿಯಾಗ ನೋಡಿದ್ರ ಡ್ರಿಲ್ ಮಾಡ್ದಂಗ ಕಾಣ್ತದ. ಅಲ್ಲಿ ಒಳಗ ಏನ್ ನಡದದ ಅನ್ನೋದು ನನಗ ಗೊತ್ತಾಗಿದ್ದು ಸೇಡಂ ರೋಡಿನ್ಯಾಗ.

ನಮ್ ಕಡೆ ಸೈಕ್ಲಿಂಗ್ ಅಂದ್ರ ವಿಜಯಪುರ, ಬಾಗಲಕೋಟ ಹೆಸರು, ನಾವ್ ಕಲಬುರಗಿಯವ್ರು ಬರೀ ಹೊಟ್ಟಿ ಕರಗಸ್ಲಾಕ ಹೊಡಿಯೋ ಮಂದಿ. ಆದ್ರೂ ಒಂದ್ ಆಷಾಢದಾಗ ನಾಲ್ಕು ಮಂದಿ ಸೇರಿ ನಾವೂ ಒಂದು ಟೀಮ್ ಟೈಮ್ ಟ್ರಯಲ್ ಮಾಡೋಣು ಅಂತ ತಲಿ ಕೆಡಿಸ್ಕೊಂಡ್ವಿ. ನಾನು, ಮೆಡಿಕಲ್ ಅಂಗಡಿ ದೋಸ್ತ, ಅವನ ತಮ್ಮ, ಮತ್ತ ಒಬ್ರು ಹೈಸ್ಕೂಲ್ ಮಾಸ್ತರ್ರು, ಐವತ್ತರ ಮ್ಯಾಲ ಅವ್ರಿಗೆ. ಎದುರಿಗೆ ಇನ್ನೊಂದು ನಾಲ್ಕು ಹುಡುಗ್ರ ಟೀಮ್. ಯೂನಿವರ್ಸಿಟಿ ದಾಟಿ ಏರ್‌ಪೋರ್ಟ್ ಕಡೆ ಹೋಗಿ ಹೊಳ್ಳಿ ಬರೋದು, ಎಲ್ಲಾ ಸೇರಿ 20 ಕಿಲೋಮೀಟರ್, ಮುಂಜಾನಿ ಆರಕ್ಕ, ಮೊಬೈಲ್‌ನಾಗ ಸ್ಟಾಪ್‌ವಾಚ್. ರೂಲ್ ಏನಂದ್ರ ನಾಲ್ಕನೇವ್ರು ದಾಟಿದಾಗ್ಲೇ ಟೀಮಿನ ಟೈಮ್.

ಹೋಗೋವಾಗ ಗಾಳಿ ಬೆನ್ನಿಗಿತ್ತು, ಈ ಕಡೆ ಮಳಿಗಾಲದ ಗಾಳಿ ಪಡುವಣದಿಂದಲೇ ಬೀಸ್ತದ, ನಾವು ಮೂಡಣಕ್ಕ ಹೊಂಟಿದ್ವಿ. ಹೀರೋ ಆಗಿಬಿಟ್ವಿ ರೀ, 38-40 ಹೊಡೀಲಾಕತ್ತಿವಿ, ಮಾಸ್ತರ್ರೂ ನಗ್ಕೋತ ಹಾಡ್ಕೋತ. ಹೊಳ್ಳೋ ಜಾಗದಾಗ ಒಂದು ಜಾಲಿ ಗಿಡ, ಅದರ ಮುಳ್ಳಿಗೆ ಪ್ಲಾಸ್ಟಿಕ್ ಚೀಲ ಸಿಕ್ಕೊಂಡು ಪಟಪಟ ಹೊಡಕೋತ ನಾವು ಹೊಂಟ ದಿಕ್ಕಿಗೇ ಅಡ್ಡಡ್ಡ ಚಾಚಿ ನಿಂತಿತ್ತು. ಅದನ್ನ ನೋಡಿದ್ರೂ ಹೊಳ್ಳಿದ್ಮ್ಯಾಲ ಎದುರುಗಾಳಿ ಅಂತ ನನಗ ತಿಳೀಲಿಲ್ಲ. ಹೊಳ್ಳಿದ ಕೂಡ್ಲೇ ಯಾರೋ ಎದೀಗೆ ಕೈ ಹಚ್ಚಿ ನೂಕಿದಂಗ ಆಯ್ತು. ನಾನು ಮುಂದಿದ್ದೆ, ಸ್ಪೀಡ್ ಬೀಳಬಾರದು ಅಂತ ಇನ್ನೂ ಜೋರ್ ತುಳದೆ, ಎರಡು ನಿಮಿಷ ಆದ್ಮ್ಯಾಲ ಹಿಂದ ನೋಡಿದ್ರ ಮಾಸ್ತರ್ರು ಐವತ್ತು ಮೀಟರ್ ಹಿಂದ. ಐವತ್ತು ಮೀಟರ್ ಅಂದ್ರ ಏನಿಲ್ಲ ಅನ್ಸ್ತದಲ್ಲ? ಎದುರುಗಾಳಿಯಾಗ ಒಮ್ಮೆ ಬಾಲ ಬಿಟ್ಟಂವ ಮತ್ತ ಹತ್ತಿ ಬರೋದು ಸಾಧ್ಯಾನೇ ಇಲ್ಲ, ಮುಂದಿನವ್ರು ಮೂರು ಮಂದಿ ಗಾಳಿ ಹಂಚ್ಕೊಂಡಾರ, ಅವ್ರು ಒಬ್ರೇ ತಿನ್ನಬೇಕು. ನಿಂತು ಕಾದ್ವಿ. ಮತ್ತ ಹಚ್ಕೊಂಡು ಹೊಂಟ್ವಿ, ಮತ್ತ ಬಿಟ್ರು. ಹುಡುಗ್ರು ನಮಗಿಂತ ನಾಲ್ಕು ನಿಮಿಷ ಮೊದ್ಲು ಮುಟ್ಟಿದ್ರು. ಮಾಸ್ತರ್ರು ಸುಸ್ಲಾ ಮಿರ್ಚಿ ಬಂಡಿ ಹತ್ರ ಒಂದೇ ಮಾತಂದ್ರು, ‘ನೀ ನನ್ನ ಬಿಟ್ಟು ಹೋಗಿದ್ರ ಬ್ಯಾಸರ ಇರ್ಲಿಲ್ಲ, ನನ್ನ ಸಲುವಾಗಿ ನಿಂತಿ ನೋಡು ಅದು ಭಾಳ ಚುಚ್ಚಿತು.’

ಈಗ ಬಾರ್ಸಿಲೋನಾಕ್ಕ ಬರ್ತೀನಿ, ಯಾಕಂದ್ರ ಈ ಸಲ ಅಲ್ಲಿ ಇದೇ ರೂಲ್ ಬದಲಾಗ್ಯದ. ಟೂರ್‌ನಾಗ ಹಿಂದಿನ ಟೀಮ್ ಟೈಮ್ ಟ್ರಯಲ್ 2019ರಾಗ ಬ್ರಸೆಲ್ಸ್‌ನಾಗ ಆಗಿತ್ತು, ಟೂರ್ ಇಂಥಾ ರೇಸಿನಿಂದಲೇ ಶುರುವಾಗಿದ್ದಂತೂ 1971ರ ನಂತರ ಇದೇ ಮೊದಲು. ಹಳೇ ಪದ್ಧತಿಯಾಗ ನಾಲ್ಕನೇ ಇಲ್ಲಾ ಐದನೇ ಸವಾರ ಗೆರಿ ದಾಟಿದಾಗ ಗಡಿಯಾರ ನಿಲ್ತಿತ್ತು, ಅವನ ಟೈಮೇ ಕೂಡೆ ಬಂದವ್ರಿಗೆಲ್ಲಾ. ಅಂದ್ರ ಲೀಡರ್, ಟೀಮಿನ ಮುಖ್ಯ ಸವಾರ, ಎಷ್ಟೇ ಗಟ್ಟಿ ಇದ್ರೂ ನಾಲ್ಕನೇವ್ನನ್ನ ಜಗ್ಗಿಕೊಂಡೇ ಬರಬೇಕಿತ್ತು, ನಾವು ಮಾಸ್ತರ್ರನ್ನ ಜಗ್ಗಿದಂಗ. ಈ ಸಲ ಪ್ಯಾರಿಸ್-ನೀಸ್ ಅನ್ನೋ ಫ್ರಾನ್ಸಿನ ಇನ್ನೊಂದು ರೇಸಿನ ಪದ್ಧತಿ, ಹೊಂಡೋದು ಎಂಟು ಮಂದಿ ಕೂಡೇ, ಮುಟ್ಟಿದ ಟೈಮ್ ಮಾತ್ರ ಅವರವರದ್ದೇ. ಟೀಮಿನ ಮೊದಲನೇವ್ನ ಟೈಮೇ ಟೀಮಿನ ಟೈಮ್. ಉಳಿದವ್ರು ಹಿಂದ ಬಿದ್ರೂ ಲೀಡರ್ ಅವ್ರಿಗೆ ಕಾಯಬೇಕಾಗಿಲ್ಲ.

ಹಾದಿ ನೋಡ್ರಿ. ಸುಮಾರು 19-20 ಕಿ.ಮೀ., ಸಮುದ್ರದ ಬಾಜೂಕ ಶುರು, ಊರಿನ ಅಗಲ ರೋಡಿನ್ಯಾಗ, ಸಗ್ರಾದಾ ಫಮಿಲಿಯಾ ಚರ್ಚಿನ ಕಡೆ ಹಾದು, ಕೊನೀಗೆ ಮಾಂಟ್‌ಜುಯಿಕ್ ಗುಡ್ಡ ಹತ್ತಿ 1992ರ ಒಲಿಂಪಿಕ್ ಸ್ಟೇಡಿಯಂ ಹತ್ರ ಮುಗೀತದ. ಅಂದ್ರ ಮುಕ್ಕಾಲು ಹಾದಿ ಸಪಾಟ, ಅಲ್ಲಿ ದಪ್ಪ ತೊಡಿಯ ಇಂಜಿನ್‌ಗಳ ಕೆಲಸ, ಕೊನೀಗೆ ಚಡಾವ್, ಅಲ್ಲಿ ಹಗೂರ ಮೈಯವ್ರ ಕೆಲಸ. ಚಡಾವಿನಾಗ ಸ್ಪೀಡ್ ಬೀಳ್ತದ, ಸ್ಪೀಡ್ ಬಿದ್ರ ಹಿಂದ ಅಡಗಿ ಕೂಡೋದ್ರ ಲಾಭ ಕಮ್ಮಿ ಆಗ್ತದ. ಹಂಗಾಗಿ ಟೀಮಿನವ್ರು ತಮ್ ಜೀವ ಹೋಗೋತನಕ ಒಬ್ಬೊಬ್ರಾಗಿ ಎಳದು, ಮೊಣಕೈ ಅಲ್ಲಾಡಿಸಿ ಬಾಜೂಕ ಸರಿದು, ಸುಟ್ಟ ಪಟಾಕಿಯಂಗ ಹಿಂದ ಉಳಿತಾರ, ಲೀಡರ್ ಗುಡ್ಡದ ಬುಡದಿಂದ ಒಬ್ನೇ ಇಲ್ಲಾ ಇಬ್ರು ಕೂಡಿ ಹೊಡೀತಾನ. ನೀವು ಗಮನಿಸಬೇಕಾದ್ದು ಇದೊಂದೇ ರೀ: ಗುಡ್ಡದ ಬುಡಕ್ಕ ಬಂದಾಗ ಲೀಡರ್ ಜೋಡಿ ಎಷ್ಟು ಮಂದಿ ಉಳಿದಾರ. ಎರಡೇ ಕಿ.ಮೀ. ಇರೋವಾಗ ಒಬ್ಬಂಟಿ ಆದ್ರ ಸರಿ, ಐದು ಕಿ.ಮೀ. ಇರೋವಾಗ್ಲೇ ಒಬ್ಬಂಟಿ ಆದ್ರ ಆ ಟೀಮ್ ಶುರುವಿನ್ಯಾಗ ಅತೀ ಜೋರ್ ಹೊಡದಾರ ಅಂತ ತಿಳ್ಕೋರಿ, ನಾ ಮಾಡಿದ್ದೇ ತಪ್ಪು.

ಸೈಕಲ್ ಬಗ್ಗೆ ಭಾಳ ಹೇಳಲ್ಲ. ಹಿಂದಿನ ಗಾಲಿ ತಟ್ಟಿಯಂಗ ಮುಚ್ಚಿರ್ತದ, ಮುಂದಿನದು ಮುಚ್ಚಲ್ಲ, ಮುಚ್ಚಿದ್ರ ಅಡ್ಡಗಾಳಿಗೆ ಹ್ಯಾಂಡಲ್ ತಿರುವಿ ಒಗೀತದ. ಮೊಣಕೈ ಊರಿ ಮುಂದ ಚಾಚಿ ಹಿಡಿಯೋ ಹ್ಯಾಂಡಲ್ ಇರ್ತದಲ್ಲ, ಅಲ್ಲಿ ಬ್ರೇಕ್ ಇರಲ್ಲ, ಬ್ರೇಕ್ ಬೇಕಂದ್ರ ಕೈ ತಗದು ಅಗಲ ಹ್ಯಾಂಡಲ್‌ಗೆ ಬರಬೇಕು. ಅದಕ್ಕೇ ತಿರುವಿನ್ಯಾಗ ಯಾರು ತಡವಾಗಿ ಕೈ ತಗೀತಾರ ನೋಡ್ರಿ, ಧೈರ್ಯ ಅಲ್ಲೇ ಕಾಣ್ತದ. ಈ ಜನವರಿ 2026ಕ್ಕ ಪುಣೆ ಗ್ರ್ಯಾಂಡ್ ಟೂರ್‌ನ 7.5 ಕಿ.ಮೀ. ಪ್ರೋಲಾಗ್ (ರೇಸಿನ ಶುರುವಿಗೆ ಒಬ್ಬೊಬ್ರೇ ಹೊಡಿಯೋ ಸಣ್ಣ ಟೈಮ್ ಟ್ರಯಲ್) ನೋಡ್ಲಾಕ ಸೊಲ್ಲಾಪುರ ಮ್ಯಾಲ ಟ್ರೇನ್ ಹಿಡದು ಹೋಗಿದ್ದೆ, ಸಪಾಟ ರೋಡಿನ ಬಾಜು ನಿಂತಿದ್ದೆ, ಒಬ್ಬ ಬಂದ ಅನ್ನೋದ್ರಾಗ ಹೋಗೇಬಿಟ್ಟ, ಇಡೀ ಹೊತ್ತು ಬರೀ ಬೆನ್ನು ನೋಡಿದಂಗಾಯ್ತು. ಮುಂದಿನ ಸಲ ತಿರುವಿನ ಹತ್ರಾನೇ ನಿಲ್ಲಾಂವ.

ಇನ್ನೊಂದು, ಮಳಿ ಮತ್ತ ಹೊಂಡೋ ಪಾಳಿ. ಗುಂಪಿನ ರೇಸ್‌ನಾಗ ಮಳಿ ಬಂದ್ರ ಎಲ್ಲರ ಮ್ಯಾಲ ಬರ್ತದ, ಇದ್ರಾಗ ಹಂಗಲ್ಲ, ಒಬ್ಬನಿಗೆ ಒಣ ರೋಡು ಇನ್ನೊಬ್ಬನಿಗೆ ತೊಯ್ದ ರೋಡು. 1995ರ ಟೂರ್ ಪ್ರೋಲಾಗ್‌ನಾಗ ಜಾಕಿ ದುರಾಂಡ್ ಮಳಿಗಿಂತ ಮೊದ್ಲು ಹೊಂಟು ಗೆದ್ದ, ಹಿಂದಿನ ವರ್ಷ 55 ಕಿ.ಮೀ. ಸ್ಪೀಡಿನ್ಯಾಗ ಪ್ರೋಲಾಗ್ ಗೆದ್ದಿದ್ದ ಕ್ರಿಸ್ ಬೋರ್ಡ್‌ಮನ್ ಮಳಿಯಾಗ ಜಾರಿ ಕಾಲಿನ ಹಿಮ್ಮಡಿ ಕೀಲು ಮುರ್ಕೊಂಡು ಅವತ್ತೇ ಮನೀಗೆ. 2022ರಾಗ ಟೂರ್ ಕೋಪನ್‌ಹೇಗನ್‌ನಾಗ ಶುರುವಾದಾಗ ಉಲ್ಟಾ ಆಯ್ತು, ಮಳಿ ಸಂಜಿಗೆ ಬರ್ತದ ಅಂತ ದೊಡ್ಡವ್ರೆಲ್ಲಾ ಮೊದಲೇ ಹೊಂಟ್ರು, ಮಳಿ ಮೊದಲೇ ಬಂತು, ಹಿಂದಿಂದ ಬಂದ ಈವ್ ಲಾಂಪಾರ್ಟ್ ಅನ್ನೋ ಬೆಲ್ಜಿಯಂ ರೈತನ ಮಗ 5 ಸೆಕೆಂಡ್ ಅಂತರದಾಗ ಗೆದ್ದು ಹಳದಿ ಜರ್ಸಿ (ಟೂರ್‌ನಾಗ ಒಟ್ಟು ಟೈಮಿನ್ಯಾಗ ಮುಂದಿದ್ದಂವ ಹಾಕೋದು) ಒಯ್ದ. ಅವತ್ತು ಅಂವ ಅತ್ತಿದ್ದು ನೋಡಿ ನಮ್ಮವ್ವ, ‘ಗೆದ್ದಾನೋ ಸೋತಾನೋ’ ಅಂತ ಕೇಳಿದ್ಲು. ಬಾರ್ಸಿಲೋನಾದಾಗೇ 2023ರ ವುಯೆಲ್ಟಾ, ಸ್ಪೇನಿನ ದೊಡ್ಡ ರೇಸ್, ಟೀಮ್ ಟೈಮ್ ಟ್ರಯಲ್‌ನಿಂದ ಶುರುವಾದಾಗ ಮಳಿ ಜೋಡಿ ಕತ್ತಲೂ ಸೇರಿ ದೊಡ್ಡ ಟೀಮಿನವ್ರು ರೋಡ್ ಕಾಣಲ್ಲ ಅಂತ ಬೈಕೋತ ಬಂದ್ರು. ಇನ್ನ ಹೊಂಡೋ ಪಾಳಿ ತಪ್ಪಿಸಿದ್ರ? 1988ರಾಗ ಟೂರ್ ಗೆದ್ದ ಪೆಡ್ರೊ ಡೆಲ್ಗಾಡೊ ಮರುವರ್ಷ ಪ್ರೋಲಾಗ್‌ಗೆ 2 ನಿಮಿಷ 40 ಸೆಕೆಂಡ್ ಲೇಟ್ ಬಂದ, ಗಡಿಯಾರ ಅವನಿಗೆ ಕಾಯ್ಲಿಲ್ಲ, ಮೂರು ವಾರ ಹೊಡಕೊಂಡ್ರೂ ಮೂರನೇ ನಂಬರ್.

ಗೆಲ್ಲೋರು ಯಾರು ಅಂದ್ರ, ನನ್ನ ಅಂದಾಜು, ಈ ಹಾದಿ ಪೂರಾ ಟೈಮ್ ಟ್ರಯಲ್ ಸ್ಪೆಷಲಿಸ್ಟ್‌ಗೆ ಹೊಂದಲ್ಲ, ಕೊನೀ ಗುಡ್ಡ ಅವ್ನನ್ನ ಬಿಡಲ್ಲ. ಬೆಲ್ಜಿಯಂನ ರೆಮ್ಕೋ ಎವೆನೆಪೂಲ್ ಬಂದ್ರ ಅವ್ನ ಮ್ಯಾಲ ಕಣ್ಣಿಡ್ರಿ, 2025ರ ವರ್ಲ್ಡ್ ಚಾಂಪಿಯನ್‌ಶಿಪ್ ಟೈಮ್ ಟ್ರಯಲ್‌ನಾಗ ಟೂರ್ ಗೆದ್ದ ಪೊಗಾಚಾರ್‌ನನ್ನೇ ರೋಡಿನ ಮ್ಯಾಲ ಹಿಂದ ಹಾಕಿದಂವ. ಆದ್ರ ಪೊಗಾಚಾರ್‌ಗೆ ಹಿಂಥಾ ಸಣ್ಣ ಚೂಪಾದ ಚಡಾವ್ ಅಂದ್ರ ಹಬ್ಬ, ಹಿಂದ ಟೂರ್ ಗೆದ್ದ ವಿಂಗೆಗಾರ್ಡ್ ಇರೋ ವಿಸ್ಮಾ ಟೀಮು ಪಾಳಿ ಹಂಚೋದ್ರಾಗ ಎಲ್ಲರಿಗಿಂತ ಶಿಸ್ತು. ನಾನು ರೊಕ್ಕ ಕಟ್ಟಬೇಕಂದ್ರ ವಿಸ್ಮಾ ಮ್ಯಾಲ ಕಟ್ತೀನಿ, ಮಾಸ್ತರ್ರು ಪೊಗಾಚಾರ್ ಅಂತಾರ. ಅಂತರ ಬಿದ್ರೂ ಸೆಕೆಂಡ್‌ಗಳ ಲೆಕ್ಕಾನೇ, ಮರುದಿನಾನೂ ರೇಸ್ ಇದೇ ಮಾಂಟ್‌ಜುಯಿಕ್‌ನಾಗೇ ಮುಗೀತದ, ಹಂಗಾಗಿ ಮೊದಲ ದಿನ ಕಳಕೊಂಡಂವ ಎರಡನೇ ದಿನಾನೇ ಕೈ ಹಾಕ್ತಾನ.

ನಮ್ ಗಡಿಯಾರ ಅವ್ರಿಗಿಂತ ಮೂರೂವರೆ ತಾಸು ಮುಂದ, ಅಲ್ಲಿ ಸಂಜಿ ಅಂದ್ರ ನಮಗ ಊಟದ ಹೊತ್ತು. ಮೊದಲ ಟೀಮಿನಿಂದ ಕೂಡಬ್ಯಾಡ್ರಿ, ತಲಿ ನೋವು ಬರ್ತದ, ಕೊನೀ ಏಳೆಂಟು ಟೀಮ್ ಸಾಕು. ಆದ್ರ ಅವತ್ತು ಮುಂಜಾನೆ ಬಾರ್ಸಿಲೋನಾದ ಹವಾಮಾನ ಒಮ್ಮೆ ನೋಡ್ಕೋರಿ, ಮಳಿ ಅಂತ ತೋರ್ಸಿದ್ರ ಮಾತ್ರ ಮೊದಲ ಟೀಮಿನಿಂದಲೇ ಕೂಡ್ರಿ.